ಹೂತುಹೋದ ದಾಸ್ತಾನಿನ ಮೌಲ್ಯ

ವರ್ಷಾಂತ್ಯದ ದಾಸ್ತಾನಿಗೆ ಬೆಲೆ ಕಟ್ಟುವ ನಿಯಮ ನಮ್ಮ ಸದಸ್ಯರಿಗೆ ಹೊಸದಲ್ಲ. ಕೊಂಡ ಬೆಲೆ ಮತ್ತು ಮಾರಿದರೆ ದೊರೆಯಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದೇ ಲೆಕ್ಕಕ್ಕೆ. ಈ ನಿಯಮದ ಅಳತೆಗೆ ಸಿಕ್ಕದ ದಾಸ್ತಾನೊಂದು ಅಮೆರಿಕದಲ್ಲಿದೆ.

1856ರ ಸೆಪ್ಟೆಂಬರ್ 5ರಂದು ‘ಅರೇಬಿಯಾ’ ಎಂಬ ಉಗಿಹಡಗು ಮಿಸೌರಿ ನದಿಯಲ್ಲಿ ನೀರಿನಡಿಯ ಮರದ ಕೊರಡಿಗೆ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಪ್ರಯಾಣಿಕರೆಲ್ಲರೂ ಪಾರಾದರು, ಕಟ್ಟಿಹಾಕಿದ್ದ ಹೇಸರಗತ್ತೆಯೊಂದು ಮಾತ್ರ ಸತ್ತಿತು. ರೈಲು ಇನ್ನೂ ಆ ಸೀಮೆಯನ್ನು ಮುಟ್ಟಿರದ ಕಾಲವದು; ನದಿಯೇ ಹೆದ್ದಾರಿ. ಹಡಗಿನಲ್ಲಿದ್ದ ಸುಮಾರು 200 ಟನ್ ಸರಕು ಪಶ್ಚಿಮದ ಹೊಸ ಊರುಗಳ ಅಂಗಡಿಗಳಿಗೆ ಹೊರಟಿತ್ತು. ಮುಂದೆ ನದಿ ತನ್ನ ಪಾತ್ರವನ್ನೇ ಬದಲಿಸಿತು. ಹಡಗು ಹೊಲವೊಂದರ ಕೆಳಗೆ, 45 ಅಡಿ ಆಳದಲ್ಲಿ ಉಳಿಯಿತು.

ಹವಾನಿಯಂತ್ರಣ ಯಂತ್ರಗಳ ವ್ಯಾಪಾರ ನಡೆಸುತ್ತಿದ್ದ ಹಾಲೆ ಕುಟುಂಬದವರು ಗೆಳೆಯರೊಡನೆ ಸೇರಿ 1988-89ರ ಚಳಿಗಾಲದಲ್ಲಿ ಅದನ್ನು ಅಗೆದರು. ವಸಂತದ ಬಿತ್ತನೆಗೆ ಮುಂಚೆ ರೈತನಿಗೆ ಹೊಲ ಮರಳಿಸಬೇಕಿತ್ತು. ಒಸರುವ ನೀರನ್ನು ಹೊರಹಾಕಲು ಸುತ್ತಲೂ 20 ಬಾವಿಗಳನ್ನು ಕೊರೆದು ಹಗಲಿರುಳು ಪಂಪು ನಡೆಸಿದರು. ಹಡಗಿನಲ್ಲಿ 400 ಪೀಪಾಯಿ ವಿಸ್ಕಿ ಇದೆಯೆಂಬುದು ಜನರ ನಂಬಿಕೆ. ಅದು ಸಿಗಲಿಲ್ಲ. ಸಿಕ್ಕಿದ್ದು ಸಾವಿರಾರು ಬೂಟುಗಳು, ಗುಂಡಿಗಳು, ಬಾಗಿಲ ಹಿಡಿಗಳು, ಪಿಂಗಾಣಿ, ಮಣಿಗಳು, ಫ್ರೆಂಚ್ ಸುಗಂಧದ್ರವ್ಯ. ಅಗೆದವರಲ್ಲೊಬ್ಬರು ಬಾಟಲಿಯಲ್ಲಿದ್ದ ಸೌತೆಕಾಯಿಯ ಉಪ್ಪಿನಕಾಯಿಯನ್ನು ತಿಂದೇ ನೋಡಿದರಂತೆ, ಕೆಟ್ಟಿರಲಿಲ್ಲವಂತೆ. (ಆಹಾರ ಪದಾರ್ಥಗಳ ವರ್ತಕ ಮಿತ್ರರು ಇದನ್ನು ಜಾಹೀರಾತಿಗೆ ಬಳಸದಿರಲಿ.)

ಮಾರಿ ಲಾಭ ಹಂಚಿಕೊಳ್ಳಬೇಕೆಂದೇ ಅವರು ಅಗೆಯತೊಡಗಿದ್ದರು. ಖರ್ಚು ಎಣಿಕೆ ಮೀರಿತ್ತು. ಆಗ ನನ್ನ ಸಲಹೆ ಕೇಳಿದ್ದರೆ, ಬಿಡಿಬಿಡಿಯಾಗಿ ಹರಾಜು ಹಾಕಿ ಸಾಲ ತೀರಿಸಿ ಎಂದೇ ಹೇಳುತ್ತಿದ್ದೆ. ಅವರು ಒಂದನ್ನೂ ಮಾರದೆ ಇಡೀ ಸಂಗ್ರಹವನ್ನು ಒಟ್ಟಾಗಿ ಉಳಿಸಿಕೊಂಡು, 1991ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ವಸ್ತುಸಂಗ್ರಹಾಲಯ ತೆರೆದರು. ಅವರದೇ ಸರಿಯೆಂದು ಈಗ ನನಗನ್ನಿಸುತ್ತದೆ. ಒಂದು ಗುಂಡಿಗೆ ಬೆಲೆಯಿಲ್ಲ. ಆದರೆ ಇಂಥದೊಂದು ಹಂಗಾಮಿಗೆ, ಇಂಥ ಊರುಗಳ ಅಂಗಡಿಕಾರರು ಯಾವ ಅಳತೆಯ ಬೂಟು ಎಷ್ಟು, ಯಾವ ಬಗೆಯ ಬೀಗ ಎಷ್ಟು ತರಿಸಿದರೆಂಬುದು ಆ ರಾಶಿ ಒಡೆಯದೆ ಉಳಿದಾಗ ಮಾತ್ರ ತಿಳಿಯುತ್ತದೆ. ಸಿರಿವಂತರ ಬೆಳ್ಳಿ ತಟ್ಟೆಗಳು ಎಲ್ಲ ಸಂಗ್ರಹಾಲಯಗಳಲ್ಲೂ ಇವೆ. ಮಾರಾಟಕ್ಕೆ ಹೊರಟ ಸಾಮಾನ್ಯ ಸರಕು ಅಪರೂಪ.

ಖರ್ಚಿನ ಬಾಬ್ತನ್ನು ಮಾತ್ರ ಮರೆಯುವಂತಿಲ್ಲ. ಮಣ್ಣಿನಡಿ ಹತ್ತಿಯ ದಾರ ಕರಗಿಹೋಗಿ, ಉಣ್ಣೆ, ರೇಷ್ಮೆ, ಚರ್ಮ ಉಳಿದಿದ್ದವು. ಬಿಡಿಭಾಗಗಳಾಗಿ ಬಂದ ಬೂಟುಗಳನ್ನು ಮತ್ತೆ ಕೈಯಿಂದ ಹೊಲಿಯಬೇಕಾಯಿತು. ಮೂರು ದಶಕಗಳಾದರೂ ಶುಚಿಗೊಳಿಸುವ ಕೆಲಸ ಮುಗಿಯಲಿಲ್ಲ. ಅದೇ ನದಿಯಲ್ಲಿ 1865ರಲ್ಲಿ ಮುಳುಗಿ 1968ರಲ್ಲಿ ಪತ್ತೆಯಾದ ‘ಬರ್ಟ್ರಂಡ್’ ಹಡಗಿನ ಸರಕು ಸರ್ಕಾರಿ ಭೂಮಿಯಲ್ಲಿ ದೊರೆತದ್ದರಿಂದ ಅದರ ಹೊಣೆ ಸರ್ಕಾರದ್ದಾಯಿತು. ಒಂದು ಕುಟುಂಬದ ಉತ್ಸಾಹ ಎಷ್ಟು ತಲೆಮಾರು ನಡೆದೀತು? ಇಂಥ ಸಂಗ್ರಹ ಆರಂಭದಲ್ಲೇ ಮೂಲನಿಧಿಯುಳ್ಳ ಒಂದು ಟ್ರಸ್ಟಿನ ವಶದಲ್ಲಿರುವುದು ಲೇಸೆಂಬುದು ನನ್ನ ಅಭಿಪ್ರಾಯ.

ಇದನ್ನು ಓದುವಾಗ ನನ್ನನ್ನು ಕಾಡಿದ್ದು ನನ್ನದೇ ಕಸುಬು. ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಕಾಯ್ದಿಡಬೇಕೆಂದು 2013ರ ಕಂಪನಿಗಳ ಕಾಯ್ದೆ ಹೇಳುತ್ತದೆ. ಆಮೇಲೆ ಇಡಬಾರದೆಂದು ಅದು ಹೇಳಿಲ್ಲ. ಆದರೂ ಅವಧಿ ಮುಗಿದ ಕೂಡಲೇ ತೆಗೆದುಹಾಕಿ, ಜಾಗ ಉಳಿಯುತ್ತದೆ ಎಂದು ಎಷ್ಟೋ ಕಕ್ಷಿದಾರರಿಗೆ ನಾನೇ ಹೇಳಿದ್ದೇನೆ. ಹಾಗೆ ಹೇಳಿದ ಒಂದು ಹಳೆಯ ಅಂಗಡಿಯಿಂದ ಅಜ್ಜನ ಕಾಲದ ಖಾತೆ ಕಿರ್ದಿಗಳು ಕೈಗಾಡಿಯಲ್ಲಿ ರದ್ದಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ತೂಕಕ್ಕೆ ಬಂದ ಹಣವನ್ನು ಇತರ ಆದಾಯವೆಂದು ನಮೂದಿಸಿದವನೂ ನಾನೇ.

ಆದ್ದರಿಂದ ಮಂಡಳಿಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ನಮ್ಮ ಗ್ರಂಥಾಲಯದಲ್ಲಿ ಎರಡು ಕಪಾಟುಗಳನ್ನು ಇದಕ್ಕಾಗಿ ತೆರವು ಮಾಡಿಕೊಡಿ. ಸದಸ್ಯರು ಹಳೆಯ ಕಿರ್ದಿ, ಸರಕು ಪಟ್ಟಿ, ಲಾರಿ ರಸೀದಿಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಅಲ್ಲಿಗೆ ಕಳುಹಿಸಲಿ. ವಿಂಗಡಿಸುವ ಕೆಲಸಕ್ಕೆ ಶನಿವಾರ ಮಧ್ಯಾಹ್ನಗಳಲ್ಲಿ ನಾನು ಬರಲು ಸಿದ್ಧನಿದ್ದೇನೆ.