ಮಾಲೀಕರ ಸಂಘವೂ ಬಾಡಿಗೆಯ ರಸೀದಿಯೂ

ಮನೆ ಮತ್ತು ಅಂಗಡಿಗಳ ಮಾಲೀಕರು ಬಡಾವಣೆಗೊಂದು ಸಂಘ ಕಟ್ಟಿಕೊಳ್ಳುವುದು ಈಗ ನಮ್ಮ ಊರುಗಳಲ್ಲಿಯೂ ಹೊಸ ಮಾತಾಗಿ ಉಳಿದಿಲ್ಲ. ಇಂಥ ಸಂಘಗಳು ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳು ತೆಗೆಸುತ್ತವೆ. ಬೀದಿದೀಪಕ್ಕಾಗಿ ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಅರ್ಜಿ ಬರೆಯುತ್ತವೆ. ಗಣಪತಿಗೆ ಚಪ್ಪರ ಹಾಕಿಸುತ್ತವೆ. ಶಾಲೆಯ ಮಕ್ಕಳಿಗೆ ನೋಟುಬುಕ್ಕು ಹಂಚಿ ಪಟ ತೆಗೆಸಿಕೊಳ್ಳುತ್ತವೆ. ಪಟದ ವಿಚಾರ ಹಾಗಿರಲಿ, ಕೆಲಸಗಳು ಒಳ್ಳೆಯವೇ. ಒಳ್ಳೆಯದನ್ನು ಒಳ್ಳೆಯದೆಂದು ಹೇಳಲು ನಮಗೇನೂ ಸಂಕೋಚವಿಲ್ಲ.

ಆದರೆ ಓದುಗ ಬಂಧುಗಳಲ್ಲಿ ಒಂದು ಪ್ರಶ್ನೆ ಕೇಳುತ್ತೇವೆ. ಬೀದಿಯ ಹೆಸರಿನಲ್ಲಿ ಮಾತನಾಡುವ ಸಂಘದಲ್ಲಿ ಬೀದಿಯ ಎಷ್ಟು ಜನರಿಗೆ ಜಾಗವಿದೆ? ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು, ಜಾತ್ರೆಯ ದಾರಿಯಲ್ಲಿ ಬಳೆ ಅಂಗಡಿ ಇಟ್ಟವಳು, ಒಂದು ಕೋಣೆಯಲ್ಲಿ ಐವರೊಡನೆ ಸಂಸಾರ ಮಾಡುವ ದರ್ಜಿ, ಇವರೆಲ್ಲರೂ ಅದೇ ಬೀದಿಯವರು. ಗಣಪತಿಯ ವಂತಿಗೆ ಎತ್ತುವಾಗ ಇವರ ಮನೆಬಾಗಿಲೂ ತಪ್ಪುವುದಿಲ್ಲ. ಸಭೆಗೆ ಮಾತ್ರ ಇವರಿಗೆ ಕರೆ ಇಲ್ಲ. ಬಾಡಿಗೆ ಎಷ್ಟು ಏರಬೇಕು, ಮುಂಗಡ ಎಷ್ಟು ತಿಂಗಳದ್ದಿರಬೇಕು, ಯಾವ ಜಾತಿಯವರಿಗೆ ಮನೆ ಕೊಡಬಾರದು ಎಂಬ ಮಾತುಗಳು ಚಹಾದ ಲೋಟದ ಜೊತೆಗೆ, ನಡವಳಿಕೆಯ ಪುಸ್ತಕದಲ್ಲಿ ಬರೆಯದೆಯೇ ತೀರ್ಮಾನವಾಗಿಬಿಡುತ್ತವೆ.

ಒಡೆಯರ ಉಪಕಾರ ಮತ್ತು ಒಡೆಯರ ಅಳತೆ ಎರಡನ್ನೂ ಒಟ್ಟಿಗೆ ಕಂಡ ಸೀಮೆ ನಮ್ಮದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಭೂಮಾಲೀಕರು ಊರಿಗೆ ಏನನ್ನೂ ಕೊಡಲಿಲ್ಲವೆಂದು ಯಾರೂ ಹೇಳಲಾರರು. ದೇವಸ್ಥಾನದ ಸೇವೆ ಅವರದು, ಸಂತರ್ಪಣೆ ಅವರದು, ಊರ ಪಂಚಾಯಿತಿಯಲ್ಲಿ ನ್ಯಾಯ ಹೇಳುವ ಬಾಯಿಯೂ ಅವರದೇ. ಆದರೆ ಗೇಣಿಯ ಭತ್ತ ಅಳೆಯುವ ಕೊಳಗವೂ ಅವರ ಜಗಲಿಯಲ್ಲಿಯೇ ಇತ್ತು. ಮೂರು ಸೇರಿನ ಕೊಳಗದಲ್ಲಿ ಅಳೆಯಿರಿ ಎಂದು ಗೇಣಿದಾರ ಕೇಳಿದನು. ಒಡೆಯನ ಕೊಳಗ ಅದಕ್ಕಿಂತ ದೊಡ್ಡದಾಗಿತ್ತು.

ವ್ಯಾಪಾರಿ ಬಂಧುಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಬ್ಬನ ಗೇಣಿ ಐದು ಖಂಡುಗವೆಂದು ಇಟ್ಟುಕೊಳ್ಳಿ, ಅಂದರೆ ನೂರು ಕೊಳಗ. ಕೊಳಗವೊಂದಕ್ಕೆ ಅರ್ಧ ಸೇರು ಹೆಚ್ಚಾದರೆ ಐವತ್ತು ಸೇರು ಭತ್ತ ಮಾತಿಲ್ಲದೆ ಒಡೆಯನ ಕಣಜಕ್ಕೆ ಹೋಯಿತು. ಆ ಐವತ್ತು ಸೇರಿನಲ್ಲಿ ಹತ್ತು ಸೇರನ್ನು ಸಂತರ್ಪಣೆಗೆ ಕೊಟ್ಟರೆ ಅವನು ದಾನಿ. ಉಂಡವರಲ್ಲಿ ಆ ಗೇಣಿದಾರನೂ ಒಬ್ಬ. ಉಂಡು ಕೈಮುಗಿದು ಬಂದನು.

ಆ ಕೈಮುಗಿಯುವಿಕೆ ಕಾಗೋಡಿನಲ್ಲಿ ನಿಂತಿತು. ಎಚ್. ಗಣಪತಿಯಪ್ಪನವರು ದೀವರ ಗೇಣಿದಾರರನ್ನು ರೈತ ಸಂಘದಲ್ಲಿ ಒಟ್ಟುಗೂಡಿಸಿದ್ದರು. ಅಳತೆ ಸರಿಯಾಗಬೇಕು, ಬಿಟ್ಟಿ ಚಾಕರಿ ನಿಲ್ಲಬೇಕು ಎಂಬ ಕೂಗಿಗೆ ಉತ್ತರವಾಗಿ ಬಂದದ್ದು ಭೂಮಿಯಿಂದ ಹೊರದಬ್ಬುವ ಬೆದರಿಕೆ. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ಗದ್ದೆಗಿಳಿದವರನ್ನು ಪೊಲೀಸರು ಹಿಡಿದು ಒಯ್ದರು. ಮರುದಿನ ಮತ್ತೊಂದು ತಂಡ ಇಳಿಯಿತು. ಶಾಂತವೇರಿ ಗೋಪಾಲಗೌಡರೂ ಅವರ ಸಂಗಡಿಗರೂ ಹೋರಾಟಕ್ಕೆ ಹೆಗಲು ಕೊಟ್ಟರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಮರುವರ್ಷ, 1952ರ ಚುನಾವಣೆಯಲ್ಲಿ, ಸಾಗರ-ಹೊಸನಗರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಗೆಲುವು ಒಂದು ದಿನದಲ್ಲಿ ಬರಲಿಲ್ಲ. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಪದ್ಧತಿ ರದ್ದಾಗಿ, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕುವ ಹೊತ್ತಿಗೆ ಕಾಗೋಡಿಗೆ ಇಪ್ಪತ್ತಮೂರು ವರ್ಷ ಕಳೆದಿತ್ತು. ಗೋಪಾಲಗೌಡರು 1972ರಲ್ಲಿಯೇ ತೀರಿಕೊಂಡಿದ್ದರು. ಭೂ ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರನಿಗೆ ಎದುರಾದ ಮೊದಲ ಪ್ರಶ್ನೆಯಾದರೂ ಯಾವುದು? ಈ ಗದ್ದೆಯನ್ನು ನೀನೇ ಗೇಣಿಗೆ ಮಾಡುತ್ತಿದ್ದೆ ಎಂಬುದಕ್ಕೆ ಏನು ಆಧಾರ? ಬಾಯಿಮಾತಿನ ಗೇಣಿಗೆ ಚೀಟಿ ಎಲ್ಲಿಂದ ಬರಬೇಕು! ಪಹಣಿಯಲ್ಲಿ ಹೆಸರಿದ್ದವನು ಬಚಾವಾದನು. ಇಲ್ಲದವನು ನೆರೆಹೊರೆಯವರ ಸಾಕ್ಷಿಯನ್ನು ನಂಬಿ ನಿಲ್ಲಬೇಕಾಯಿತು. ಆ ನೆರೆಹೊರೆಯವರೋ ಅದೇ ಒಡೆಯನ ಹಂಗಿನಲ್ಲಿದ್ದವರು.

ಇದನ್ನೆಲ್ಲ ಹಳೆಯ ಕಥೆಯೆಂದು ನಾವು ಹೇಳುತ್ತಿಲ್ಲ. ಇಂದು ಪೇಟೆಯಲ್ಲಿ ಬಾಡಿಗೆ ಕೊಡುವವರಲ್ಲಿ ಎಷ್ಟು ಜನರ ಕೈಯಲ್ಲಿ ರಸೀದಿ ಇದೆ? ಕರಾರುಪತ್ರವಿದ್ದರೆ ಹನ್ನೊಂದು ತಿಂಗಳದ್ದು, ಏಕೆಂದರೆ ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಅದರ ಪ್ರತಿಯೂ ಮಾಲೀಕನ ಬೀರುವಿನಲ್ಲಿ. ಕೊಟ್ಟ ಮುಂಗಡಕ್ಕೆ ದೇವರೇ ಸಾಕ್ಷಿ. 1999ರ ಕರ್ನಾಟಕ ಬಾಡಿಗೆ ಕಾಯಿದೆ ಕರಾರು ಬರಹದಲ್ಲಿರಬೇಕೆನ್ನುತ್ತದೆ. ಅದು ಅನ್ವಯವಾಗುವ ಪಟ್ಟಣಗಳಲ್ಲಿ ಹದಿನಾಲ್ಕು ಚದರ ಮೀಟರು ಮೀರದ ಸಣ್ಣ ಅಂಗಡಿಗಳಿಗೆ ರಕ್ಷಣೆಯೂ ಉಂಟು. ಪಾನ್ ಬೀಡಾ ಅಂಗಡಿ, ದರ್ಜಿಯ ಮಳಿಗೆ, ಗಡಿಯಾರ ರಿಪೇರಿಯ ಗೂಡು, ಇವೆಲ್ಲ ಬಹುತೇಕ ಆ ಅಳತೆಯೊಳಗಿನವೇ. ಆದರೆ ತಾನು ಬಾಡಿಗೆದಾರನೆಂದು ತೋರಿಸುವ ಒಂದು ಚೂರು ಕಾಗದವೂ ಇಲ್ಲದವನು ಯಾವ ಕಾಯಿದೆಯ ಬಾಗಿಲು ತಟ್ಟಬೇಕು?

ಮಾಲೀಕರೆಲ್ಲರೂ ಒಂದೇ ಬಗೆಯವರೆಂದು ನಾವು ಬಗೆದಿಲ್ಲ. ಗಂಡನನ್ನು ಕಳೆದುಕೊಂಡ ತಾಯಿ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು ಔಷಧದ ಖರ್ಚು ನಿಭಾಯಿಸುತ್ತಾಳೆ. ಅವಳನ್ನೂ ಹತ್ತು ಮಳಿಗೆಗಳ ಯಜಮಾನನನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಸಂಘದಲ್ಲಿ ಅವಳ ಹೆಸರಿರಬಹುದು, ಮಾತು ನಡೆಯುವುದು ಹತ್ತು ಮಳಿಗೆಯವನದೇ. ನಮ್ಮ ಓದುಗರಲ್ಲಿಯೂ ಅಂಗಡಿಯ ಮೇಲೊಂದು ಅಟ್ಟ ಕಟ್ಟಿ ಬಾಡಿಗೆಗೆ ಬಿಟ್ಟವರಿದ್ದಾರೆ. ಇನ್ನೂ ಒಂದು ಮಾತು, ಕಹಿಯಾದರೂ ಹೇಳಲೇಬೇಕು. 1974ರ ಕಾಯಿದೆಯಿಂದ ಗದ್ದೆ ಪಡೆದ ಗೇಣಿದಾರನ ಮೊಮ್ಮಗ ಇಂದು ಪೇಟೆಯಲ್ಲಿ ಮನೆ ಕಟ್ಟಿಸಿ ಮಾಲೀಕನಾಗಿದ್ದಾನೆ. ಅದು ನಮಗೆ ಸಂತೋಷದ ವಿಚಾರವೇ. ಆದರೆ ಮನೆ ಕೇಳಿಕೊಂಡು ಬಂದ ಕೂಲಿಕಾರನನ್ನು ಹೊಸ್ತಿಲಾಚೆ ನಿಲ್ಲಿಸಿ “ನೀವು ಯಾವ ಜನ?” ಎಂದು ಅವನೂ ಕೇಳುತ್ತಾನೆ. ಅವನ ಅಜ್ಜ ಎಷ್ಟು ವರ್ಷ ಯಾರ ಹೊಸ್ತಿಲಾಚೆ ನಿಂತಿದ್ದನೆಂದು ಅವನಿಗೆ ಯಾರೂ ಹೇಳಿಲ್ಲವೇ?

ಸಂಘಗಳು ಮುಚ್ಚಲಿ ಎಂದು ನಾವು ಹೇಳುವುದಿಲ್ಲ. ಮಾಲೀಕರು ತಮ್ಮ ಹಿತಕ್ಕಾಗಿ ಸಂಘ ಕಟ್ಟಿದರೆ ಅದಕ್ಕೆ ಮಾಲೀಕರ ಸಂಘವೆಂದೇ ಫಲಕ ಹಾಕಲಿ. ಬಡಾವಣೆಯ ಹಿತರಕ್ಷಣೆಯೆಂದು ಫಲಕ ಹಾಕುವವರು ಬಾಡಿಗೆದಾರರನ್ನೂ ಸದಸ್ಯರಾಗಿ ಸೇರಿಸಿಕೊಳ್ಳಲಿ, ಕಾರ್ಯಕಾರಿ ಸಮಿತಿಯಲ್ಲಿ ಸ್ಥಾನ ಕೊಡಲಿ, ವಂತಿಗೆಯ ಲೆಕ್ಕವನ್ನು ಎಲ್ಲರ ಮುಂದೆ ಓದಲಿ. ಊರಸೇವೆಯಲ್ಲಿ ನಿಜವಾಗಿ ಆಸಕ್ತಿಯಿರುವ ಸಂಘವು ನೋಟುಬುಕ್ಕು ಹಂಚುವ ಮುನ್ನ ತನ್ನ ಸದಸ್ಯರಿಗೆಲ್ಲ ಒಂದೊಂದು ರಸೀದಿ ಪುಸ್ತಕ ಹಂಚಲಿ. ಅದರ ಖರ್ಚು ಪೆಂಡಾಲಿನ ದೀಪದಲಂಕಾರಕ್ಕಿಂತ ಎಷ್ಟೋ ಕಡಿಮೆ.

ಗಿರಣಿಯ ಸೋದರರೂ ಸಣ್ಣ ವ್ಯಾಪಾರಿಗಳೂ ಅಲ್ಲಿಯವರೆಗೆ ಕಾದು ಕೂರಬೇಕಾಗಿಲ್ಲ. ಬರುವ ತಿಂಗಳ ಬಾಡಿಗೆ ಕೊಡುವಾಗಲೇ ರಸೀದಿ ಕೇಳಿ. ಜಗಳ ಬೇಡ, ಏರುದನಿಯೂ ಬೇಡ. ಕಿರಾಣಿ ಅಂಗಡಿಯಲ್ಲಿ ಚೀಟಿ ಕೇಳಿದಷ್ಟೇ ಸಹಜವಾಗಿ ಕೇಳಿ. ಕೊಡದಿದ್ದರೆ ಬಾಡಿಗೆಯನ್ನು ಬ್ಯಾಂಕಿನ ಮೂಲಕ ಮಾಲೀಕನ ಖಾತೆಗೆ ಹಾಕಿ, ಯಾವ ತಿಂಗಳದ್ದೆಂದು ಬರೆದಿಡಿ. ಒಬ್ಬನೇ ಕೇಳಿದರೆ “ಮನೆ ಖಾಲಿ ಮಾಡು” ಎಂಬ ಉತ್ತರ ಬರುವ ಭಯವಿದ್ದರೆ ಸಾಲಿನ ಹತ್ತು ಮನೆಯವರು ಒಟ್ಟಾಗಿ ಒಂದೇ ದಿನ ಕೇಳಿ.