ಹೆರೆರಾಗಳ ನೆಲದ ಮಾತೇಕಿಲ್ಲ?

ಜಗಳದ ಬೇರು ಮೂರು ಎನ್ನುತ್ತದೆ ಉರ್ದುವಿನ ಗಾದೆ: ಜರ್, ಜೋರು, ಜಮೀನ್. ಕನ್ನಡದ ಹೆಣ್ಣು, ಹೊನ್ನು, ಮಣ್ಣು ಕೂಡ ಅದೇ. (ಗಾದೆ ಕಟ್ಟಿದವರು ಗಂಡಸರು, ಹೆಣ್ಣನ್ನು ಆಸ್ತಿಯ ಪಟ್ಟಿಗೆ ಸೇರಿಸಿದ್ದು ಅವರ ಬುದ್ಧಿ.) ಆಂಟನಿ ಮಾನ್ ನಿರ್ದೇಶಿಸಿದ ಹಾಲಿವುಡ್ ಚಿತ್ರ 'ದ ಫ್ಯೂರೀಸ್' (1950) ಕುರಿತು ಬರೆಯುವ ಬಹಳಷ್ಟು ಮಂದಿ ಮೊದಲ ಎರಡರಲ್ಲೇ ತೃಪ್ತರಾಗುತ್ತಾರೆ. ಅಪ್ಪನ ಮೇಲಿನ ಮಗಳ ಅತಿಮೋಹ, ಮಲತಾಯಿಯಾಗಿ ಬರಲಿರುವವಳ ಮೇಲಿನ ಅಸೂಯೆ, ಮುರಿದ ಪ್ರೇಮ, ಸೇಡು - ಹೀಗೆ ಸಾಗುತ್ತದೆ ವ್ಯಾಖ್ಯಾನ. ನಡುವೆ ಫ್ರಾಯ್ಡ್ ಬರುತ್ತಾನೆ, ಗ್ರೀಕ್ ದುರಂತ ನಾಟಕ ಬರುತ್ತದೆ. ಕೊನೆಗೆ 'ಮನೋವೈಜ್ಞಾನಿಕ ವೆಸ್ಟರ್ನ್' ಎಂಬ ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು. ಜಮೀನಿನ ತನಕ ಯಾರೂ ಬರುವುದಿಲ್ಲ.

ಚಿತ್ರ ನೋಡದವರಿಗಾಗಿ ಕಥೆ ಇಷ್ಟು. 1870ರ ದಶಕದ ನ್ಯೂ ಮೆಕ್ಸಿಕೋ. ಟಿ.ಸಿ. ಜೆಫರ್ಡ್ಸ್ ಎಂಬಾತನದು ದೊರೆತನದಂಥ ಜಾನುವಾರು ಜಮೀನು, ಅದರ ಹೆಸರೇ ಫ್ಯೂರೀಸ್. ಸಾಲಗಾರರಿಗೆ ಕೊಡಲು ಆತನೇ ಅಚ್ಚು ಹಾಕಿಸಿದ ನೋಟುಗಳಿವೆ. ಜನ ಅವನ್ನು 'ಟಿ.ಸಿ.' ಎಂದೇ ಕರೆಯುತ್ತಾರೆ. ವಾಲ್ಟರ್ ಹ್ಯೂಸ್ಟನ್‌ಗೆ ಇದು ಕೊನೆಯ ಚಿತ್ರ. ಬಿಡುಗಡೆಗೆ ಮುಂಚೆಯೇ ಆತ ತೀರಿಕೊಂಡ. ಮಗಳು ವ್ಯಾನ್ಸ್ ಆಗಿ ಬಾರ್ಬರಾ ಸ್ಟ್ಯಾನ್ವಿಕ್. ಅಪ್ಪ ಮದುವೆಯಾಗಲು ಕರೆತಂದ ವಿಧವೆಯ ಮುಖಕ್ಕೆ ಆಕೆ ಕತ್ತರಿ ಎಸೆಯುತ್ತಾಳೆ. ಆ ದೃಶ್ಯ ಭಯಂಕರವಾಗಿದೆ, ಕಥೆ ಬರೆಯುವ ನನ್ನಂಥವರಿಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಮನಸ್ಸಿನ ಕತ್ತಲನ್ನು ಈ ಚಿತ್ರ ಬಲ್ಲದು ಎಂಬುದರಲ್ಲಿ ತಕರಾರಿಲ್ಲ.

ಆದರೆ ಅದೇ ಜಮೀನಿನ ಬಂಡೆಗಳ ಮೇಲೆ ಹೆರೆರಾ ಎಂಬ ಮೆಕ್ಸಿಕನ್ ಕುಟುಂಬವಿದೆ. ಅವರ ಮಟ್ಟಿಗೆ ಅದು ಅವರ ನೆಲ. ಜೆಫರ್ಡ್ಸ್ ಮತ್ತು ಬ್ಯಾಂಕಿನ ಮಟ್ಟಿಗೆ ಅವರು ಅತಿಕ್ರಮಣಕಾರರು. ಸಾಲ ಬೇಕಾದರೆ ಇಂಥವರನ್ನು ಒಕ್ಕಲೆಬ್ಬಿಸು ಎನ್ನುವುದು ಬ್ಯಾಂಕಿನ ಷರತ್ತು. ಗಮನಿಸಿ, ಕಥೆಯನ್ನು ಕದಲಿಸುವ ಮೊದಲ ಕೈ ಫ್ರಾಯ್ಡನದಲ್ಲ, ಬ್ಯಾಂಕಿನದು. ವ್ಯಾನ್ಸ್ ಬಾಲ್ಯದಿಂದ ಹುವಾನ್ ಹೆರೆರಾನೊಡನೆ ರೊಟ್ಟಿ ಹಂಚಿಕೊಂಡು ತಿಂದವಳು. ಕತ್ತರಿಯ ಪ್ರಕರಣದ ನಂತರ ಅವನ ಮನೆಯನ್ನೇ ಸೇರುತ್ತಾಳೆ. ಜೆಫರ್ಡ್ಸ್ ಮುತ್ತಿಗೆ ಹಾಕುತ್ತಾನೆ. ಅವರು ಶರಣಾದ ಮೇಲೆ ಕುದುರೆ ಕದ್ದನೆಂಬ ನೆಪದಲ್ಲಿ ಹುವಾನ್‌ನನ್ನು ನೇಣಿಗೆ ಹಾಕಿಸುತ್ತಾನೆ, ತಾಯಿಯ ಕಣ್ಣೆದುರಲ್ಲೇ.

ಇದನ್ನು ಮಗಳ ಮೇಲಿನ ಕೋಪದ ಉಕ್ಕು ಎಂದು ಓದಿದರೆ ಇತಿಹಾಸ ಮಾಯವಾಗುತ್ತದೆ. 1848ರ ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ಉತ್ತರದ ಅಪಾರ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಯೇ ಉಳಿಯುವ ಮೆಕ್ಸಿಕನ್ನರ ಆಸ್ತಿಗೆ ರಕ್ಷಣೆಯ ಭರವಸೆ ಅದರಲ್ಲಿತ್ತು. ಆದರೆ ಹಳೆಯ ಭೂದಾನಗಳನ್ನು ಮಾನ್ಯ ಮಾಡುವ ಹತ್ತನೆಯ ವಿಧಿಯನ್ನು ಅಮೆರಿಕದ ಸೆನೆಟ್ ಹೊಡೆದುಹಾಕಿತು. ಆಮೇಲೆ ನಡೆದದ್ದು ಕಾಗದದ ಆಟ. ಸಾಕ್ಷ್ಯ ತನ್ನಿ, ಇಂಗ್ಲಿಷ್ ಕೋರ್ಟಿಗೆ ಬನ್ನಿ, ವಕೀಲನಿಗೆ ಫೀಸು ಕೊಡಿ. ಹಣವಿಲ್ಲವೇ, ನೆಲವನ್ನೇ ಕೊಡಿ. 'ಸಾಂಟಾ ಫೆ ರಿಂಗ್' ಎಂಬ ಕೂಟದ ವಕೀಲ ಥಾಮಸ್ ಕ್ಯಾಟ್ರನ್ ಹೀಗೆಯೇ ದೇಶದ ಅತಿ ದೊಡ್ಡ ಭೂಮಾಲೀಕರಲ್ಲಿ ಒಬ್ಬನಾದ. 1912ರಲ್ಲಿ ಸೆನೆಟರೂ ಆದ. ಸುಮಾರು 17 ಲಕ್ಷ ಎಕರೆಯ ಮ್ಯಾಕ್ಸ್‌ವೆಲ್ ದಾನಭೂಮಿಯನ್ನು 1887ರಲ್ಲಿ ಸುಪ್ರೀಂ ಕೋರ್ಟು ಕಂಪೆನಿಯ ಪರವಾಗಿ ಊರ್ಜಿತಗೊಳಿಸಿತು. ಅಲ್ಲಿ ಬೇಸಾಯ ಮಾಡಿಕೊಂಡಿದ್ದವರು ಅತಿಕ್ರಮಣಕಾರರಾದರು. ಜೆಫರ್ಡ್ಸ್ ಎಲ್ಲಿಂದಲೂ ಉದುರಿದ ವಿಕೃತ ವ್ಯಕ್ತಿಯಲ್ಲ, ಇಂಥ ವ್ಯವಸ್ಥೆಯ ಕೂಸು.

ನಿರ್ದೇಶಕನ ತಲೆಯಲ್ಲಿ ಇದೆಲ್ಲ ಇತ್ತೇ ಎಂದು ಕೇಳುವವರು ಅದೇ ವರ್ಷ ಆತ ಮಾಡಿದ 'ಡೆವಿಲ್ಸ್ ಡೋರ್‌ವೇ' ನೋಡಲಿ. ಅಂತರ್ಯುದ್ಧದಲ್ಲಿ ಹೋರಾಡಿ ಪದಕ ಗೆದ್ದು ಬಂದ ಶೊಶೋನಿ ಬುಡಕಟ್ಟಿನವನಿಗೆ ಅವನದೇ ಕಣಿವೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಕಾನೂನು ಬಿಡುವುದಿಲ್ಲ; ಆ ಚಿತ್ರದ ಕಥೆಯೇ ಅದು.

ಇನ್ನು ಗ್ರೀಕ್ ಹೋಲಿಕೆಯ ಪಂಡಿತರಿಗೆ ಒಂದು ಮಾತು. ಫ್ಯೂರಿಗಳೆಂದರೆ ಸುರಿದ ರಕ್ತಕ್ಕೆ ಲೆಕ್ಕ ಕೇಳುವ ದೇವತೆಗಳು. ಕ್ಷಮಿಸುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ವ್ಯಾನ್ಸ್ ಮಾಡುವುದೇನು? ಊರೂರಿನಲ್ಲಿ ಹರಡಿದ್ದ ಅಪ್ಪನ 'ಟಿ.ಸಿ.' ನೋಟುಗಳನ್ನು ಅಗ್ಗಕ್ಕೆ ಕೊಂಡು, ಅವುಗಳಿಂದಲೇ ಅವನ ಜಾನುವಾರು ಕೊಳ್ಳುತ್ತಾಳೆ, ಅವನನ್ನು ದಿವಾಳಿ ಮಾಡುತ್ತಾಳೆ. ಜಾಣತನದ ವ್ಯಾಪಾರ. ಸೋತ ಅಪ್ಪ ಮಗಳ ಜಾಣ್ಮೆಗೆ ಹೆಮ್ಮೆಪಡುತ್ತಾನೆ, ಇಬ್ಬರೂ ರಾಜಿಯಾಗುತ್ತಾರೆ. ನೇಣುಗಂಬದ ಲೆಕ್ಕ ಹೀಗೆ ಮನೆಯೊಳಗೇ ಚುಕ್ತಾ ಆಗಿಬಿಡುವ ಹೊತ್ತಿಗೆ ಬೀದಿಯಲ್ಲಿ ಗುಂಡು ಹಾರುತ್ತದೆ. ಹಾರಿಸಿದವಳು ಹುವಾನ್‌ನ ತಾಯಿ. ಚಿತ್ರದ ನಿಜವಾದ ಫ್ಯೂರಿ ಆಕೆಯೇ. ಬ್ಲಾಂಶ್ ಯುರ್ಕಾ ನಿರ್ವಹಿಸಿದ ಆ ಪಾತ್ರಕ್ಕೆ ಪಾತ್ರವರ್ಗದ ಪಟ್ಟಿಯಲ್ಲಿ ಹೆಸರೂ ಇಲ್ಲ, 'ಹೆರೆರಾನ ತಾಯಿ' ಅಷ್ಟೆ. ಜೆಫರ್ಡ್ಸ್ ಕುಟುಂಬದ ಒಬ್ಬೊಬ್ಬರ ಸುಪ್ತ ಮನಸ್ಸನ್ನೂ ಬಗೆದು ನೋಡಿದ ವಿಮರ್ಶೆಗೆ ಈಕೆಯ ಮನಸ್ಸು ಕಾಣಲಿಲ್ಲ. ಮಾನಸಿಕ ಆಳ ಎನ್ನುವುದು ಎಕರೆಗಳ ಲೆಕ್ಕದಲ್ಲಿ ಸಿಗುವಂಥದೇ?

ಚಿತ್ರವೂ ಕೊನೆಗೆ ಸ್ವಲ್ಪ ಜಾರಿಕೊಳ್ಳುತ್ತದೆ. ವ್ಯಾನ್ಸ್‌ಳ ಪ್ರಿಯಕರ, ಜೂಜುಗಾರ ರಿಪ್ ಡ್ಯಾರೋನ ತಂದೆಯಿಂದಲೂ ಜೆಫರ್ಡ್ಸ್ ಒಂದು ಪಟ್ಟಿ ನೆಲ ಕಸಿದಿದ್ದ. ಆ ಡ್ಯಾರೋ ಪಟ್ಟಿಯ ಮಾತು ಚಿತ್ರದುದ್ದಕ್ಕೂ ಬರುತ್ತದೆ. ಸೇಡಿನ ವ್ಯಾಪಾರದಲ್ಲಿ ಕೈಜೋಡಿಸಲು ಅವನು ಕೇಳುವ ಬೆಲೆಯೇ ಅದು. ಬಿಳಿಯನ ನೆಲಕ್ಕೆ ವಾರಸುದಾರನಿದ್ದಾನೆ, ಕರಾರಿದೆ. ಅಪ್ಪನ ಶವದೊಂದಿಗೆ ಇಬ್ಬರೂ ಫ್ಯೂರೀಸ್‌ಗೆ ಹೊರಡುತ್ತಾರೆ, ಮುಂದೆ ಹುಟ್ಟುವ ಮಗುವಿನ ಮಾತು ಬರುತ್ತದೆ. ಹೆರೆರಾಗಳ ಬಂಡೆಮನೆ ಇನ್ನು ಯಾರದೆಂದು ಯಾರೂ ಕೇಳುವುದಿಲ್ಲ, ಗುಂಡು ಹಾರಿಸಿದ ಮುದುಕಿ ಏನಾದಳೆಂದೂ ಕೇಳುವುದಿಲ್ಲ.