ದೊಡ್ಡ ಸಂಖ್ಯೆಯೂ ದೊಡ್ಡವರ ಮಾತೂ

ಗಣಿತವೆಂದೊಡನೆ ನಮ್ಮ ಕಲಾ ವಿಭಾಗದ ಮಿತ್ರರು ಮುಖ ತಿರುಗಿಸುವುದುಂಟು. ‘ಬಿ.ಎ. ಓದುವವರಿಗೆ ಅದರ ಗೊಡವೆ ಏಕೆ?’ ಎಂಬುದು ಅವರ ವಾದ. ಅವಿಭಾಜ್ಯ ಸಂಖ್ಯೆಗಳ ಕಥೆಯನ್ನು ಓದಿದ ಮೇಲೆ ಈ ವಾದ ನನಗೆ ಒಪ್ಪಿಗೆಯಾಗದು.

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಯೇ ಅವಿಭಾಜ್ಯ. ಐದು ಎರಡುಗಳನ್ನು ಗುಣಿಸಿದರೆ 32. ಅದರಲ್ಲಿ ಒಂದು ಕಳೆದರೆ 31, ಅವಿಭಾಜ್ಯ. ಹನ್ನೊಂದು ಎರಡುಗಳಿಂದ ಹೀಗೆಯೇ ಬರುವ 2047 ಹಾಗಲ್ಲ. ಅದು 23 ಮತ್ತು 89ರ ಗುಣಲಬ್ಧ.

ಎಷ್ಟು ಎರಡುಗಳಿಂದ ಅವಿಭಾಜ್ಯ ದೊರೆಯುತ್ತದೆಂಬ ಪಟ್ಟಿಯೊಂದನ್ನು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಪ್ರಕಟಿಸಿದನು. ಅದರಲ್ಲಿ 31 ಇದ್ದಿತು. ಅದರಿಂದಾಗುವ 2,14,74,83,647 ನಿಜವಾಗಿಯೂ ಅವಿಭಾಜ್ಯವೆಂದು ಆಯ್ಲರ್ 1772ರಲ್ಲಿ ತೋರಿಸಿಕೊಟ್ಟನು. ಇದು ವಿಭಾಜ್ಯವಾಗಿದ್ದರೆ 46,340ರೊಳಗೆ ಒಂದಾದರೂ ಭಾಜಕ ಸಿಗಬೇಕು. ಅದೂ 62ರಿಂದ ಭಾಗಿಸಿದರೆ 1 ಉಳಿಯುವಂಥದೇ ಆಗಿರಬೇಕು. ಯುಕ್ತಿಯಿಂದ ಎಷ್ಟೋ ಭಾಗಾಕಾರಗಳ ಶ್ರಮ ತಪ್ಪಿತು.

ಆದರೆ ಅದೇ ಪಟ್ಟಿಯಲ್ಲಿದ್ದ 67 ತಪ್ಪಾಗಿತ್ತು. ಲೂಕಾ ಎಂಬ ಗಣಿತಜ್ಞ 1876ರಲ್ಲಿ ಇದನ್ನು ಕಂಡುಹಿಡಿದನು. ಭಾಜಕಗಳು ಮಾತ್ರ ಸಿಕ್ಕಿರಲಿಲ್ಲ. 1903ರಲ್ಲಿ ಅಮೆರಿಕೆಯ ಕೋಲ್ ಎಂಬ ಪ್ರಾಧ್ಯಾಪಕ ಗಣಿತಜ್ಞರ ಸಭೆಯಲ್ಲಿ 19,37,07,721 ಮತ್ತು 7,61,83,82,57,287 ಎಂಬ ಭಾಜಕಗಳನ್ನು ಮುಂದಿಟ್ಟನು. ಬಾಯಿಂದ ಒಂದು ಮಾತೂ ಆಡದೆ ಹಲಗೆಯ ಮೇಲೆ ಗುಣಿಸಿ ತೋರಿಸಿ ಕುಳಿತನೆಂದು ಹೇಳುತ್ತಾರೆ.

ಇಂದಿನ ಯಂತ್ರಗಳಿಗೂ ಇದೇ ನ್ಯಾಯ. 2024ರ ಅಕ್ಟೋಬರದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿತು: 13,62,79,841 ಎರಡುಗಳನ್ನು ಗುಣಿಸಿ ಒಂದು ಕಳೆದದ್ದು. ಬರೆದರೆ 4,10,24,320 ಅಂಕಿಗಳು! ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಕ್ರಮಗಳಿಂದ ಮತ್ತೆ ಪರೀಕ್ಷಿಸಿದ ಮೇಲೆಯೇ ಅದನ್ನು ಜಗತ್ತಿಗೆ ಸಾರಿದರು.

ಇದರಿಂದ ನಮಗೇನು? ನಮ್ಮ ತಂದೆಯವರು ಹತ್ತಿ ಮಾರಿ, ಪಟ್ಟಿ ಓದಲು ಬಾರದೆ, ಹೇಳಿದ ಮೊತ್ತಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು. ‘ದೊಡ್ಡವರು ಹೇಳ್ಯಾರ, ಖರೇನ ಇರಬೇಕು’ ಎಂಬುದೇ ಅವರ ಲೆಕ್ಕ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಿಂದ ಬಂದ ನಮ್ಮಲ್ಲಿ ಅನೇಕರ ಮನೆಯ ಮಾತಿದು. ನಾವೂ ಪರೀಕ್ಷೆಗಾಗಿ ಟಿಪ್ಪಣಿಗಳನ್ನು ಅದೇ ನಂಬಿಕೆಯಿಂದ ಉರುಹೊಡೆಯುತ್ತೇವೆ. ಇದು ಹೆಬ್ಬೆಟ್ಟಿನ ಇನ್ನೊಂದು ರೂಪವೇ ಸರಿ.

ನಾಲ್ಕು ಕೋಟಿ ಅಂಕಿಗಳನ್ನು ಕೈಯಿಂದ ಪರೀಕ್ಷಿಸಲು ನಮ್ಮಿಂದಾಗದು, ನಿಜ. ಆದರೆ 2047ನ್ನು ಯಾರೂ ಭಾಗಿಸಿ ನೋಡಬಹುದು. ಅಲ್ಲಿ ಜಾತಿ, ಮನೆತನ, ಪದವಿ ಯಾವುದನ್ನೂ ಕೇಳುವವರಿಲ್ಲ. ಗುರುಹಿರಿಯರಿಗೆ ಎದುರಾಡಿರೆಂದು ನನ್ನ ಅಭಿಪ್ರಾಯವಲ್ಲ. ಕೋಲ್ ಯಾರನ್ನೂ ಹಳಿಯಲಿಲ್ಲ; ಗುಣಿಸಿ ತೋರಿಸಿದನಷ್ಟೆ. ಇತಿಹಾಸದ ತರಗತಿಯಲ್ಲಿ, ಚರ್ಚಾಕೂಟದಲ್ಲಿ, ಪೇಟೆಯಲ್ಲಿ ನಮ್ಮ ರೀತಿಯೂ ಇದೇ ಆಗಲಿ. ಮನೆಯ ಮೊದಲ ಪದವೀಧರನಾದವನು ಸಹಿ ಕಲಿತರೆ ಸಾಲದು. ಸಹಿ ಹಾಕುವ ಮುನ್ನ ಲೆಕ್ಕ ಕೂಡಿಸಿ ನೋಡಬೇಕು.